ಕಜ್ಜಿಯ ಹುಳುವನ್ನು ಕಂಡವರು

ವಿದ್ಯಾವಂತರ ಗೋಷ್ಠಿಯಲ್ಲಿ ಕಜ್ಜಿಯ ಮಾತನ್ನೆತ್ತುವುದು ಅಷ್ಟೇನೂ ಸಭ್ಯವಲ್ಲವೆಂಬುದನ್ನು ನಾವು ಬಲ್ಲೆವು. ಪ್ಲೇಗು, ಕ್ಷಯ, ಸಿಡುಬು ಮೊದಲಾದ ಮಹಾವ್ಯಾಧಿಗಳಿಗೆ ಅವುಗಳ ಭೀಕರತೆಯ ಕಾರಣದಿಂದಲಾದರೂ ಒಂದು ಬಗೆಯ ಗೌರವವು ಸಲ್ಲುತ್ತದೆ. ಅವುಗಳ ಚರಿತ್ರೆಯನ್ನು ಬರೆಯುವವರೂ ಉಂಟು, ಓದುವವರೂ ಉಂಟು. ಕಜ್ಜಿಗಾದರೋ ಆ ಭಾಗ್ಯವಿಲ್ಲ. ಅದು ಬಂದವನು ನಾಚಿ ಕೈಯನ್ನು ಮರೆಮಾಡುತ್ತಾನೆ; ಕಂಡವನು ಮೆಲ್ಲನೆ ಒಂದು ಮಾರು ಹಿಂದಕ್ಕೆ ಸರಿಯುತ್ತಾನೆ. ಆದರೂ ಈ ದಿನ ನಾವು ಅದನ್ನೇ ವಿಷಯವಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಇಂಥ ರೋಗಕ್ಕೆ ಕಣ್ಣಿಗೆ ಕಾಣುವ ಇಂಥದೇ ಜೀವಿಯು ಕಾರಣವೆಂದು ಸೂಕ್ಷ್ಮದರ್ಶಕದ ಸಹಾಯದಿಂದ ತೋರಿಸಿಕೊಟ್ಟ ರೋಗಗಳಲ್ಲಿ ಮೊಟ್ಟಮೊದಲನೆಯದು ಕಜ್ಜಿಯೇ ಎಂದು ಅನೇಕ ಚರಿತ್ರಕಾರರು ಎಣಿಸುತ್ತಾರೆ. ಜರ್ಮನಿಯ ಕಾಕ್ ಮಹಾಶಯನು ದೊಮ್ಮೆ ರೋಗದ ಕ್ರಿಮಿಯನ್ನು ನಿರ್ಣಯಿಸಿದ್ದು ೧೮೭೬ನೆಯ ಇಸವಿಯಲ್ಲಿ. ಕಜ್ಜಿಯ ಕಾರಣವು ಅಚ್ಚಿನಲ್ಲಿ ಪ್ರಕಟವಾದದ್ದು ೧೬೮೭ರಲ್ಲಿ. ನಡುವೆ ೧೮೯ ವರ್ಷಗಳ ಅಂತರ. ಇಷ್ಟು ಮುಂಚೆ ಗೊತ್ತಾದ ಸಂಗತಿಯನ್ನು ವೈದ್ಯಲೋಕವು ಒಂದೂವರೆ ಶತಮಾನದ ಕಾಲ ಕೈಬಿಟ್ಟು ಕುಳಿತದ್ದು ಹೇಗೆಂಬುದೇ ನಮ್ಮ ಕಥೆಯ ತಿರುಳು.

ಮೊದಲು ಕಥಾನಾಯಕನ ಪರಿಚಯವನ್ನು ಮಾಡಿಕೊಳ್ಳೋಣ. ನಾಯಕನೆನ್ನುವುದಕ್ಕಿಂತ ನಾಯಕಿಯೆನ್ನುವುದು ಯುಕ್ತ. ಏಕೆಂದರೆ ನಮ್ಮ ಚರ್ಮದಲ್ಲಿ ಬಿಲವನ್ನು ತೋಡಿಕೊಂಡು ನೆಲಸುವುದು ಹೆಣ್ಣು ಹುಳುವೇ. ಇದು ನಿಜವಾಗಿ ಕೀಟವಲ್ಲ. ಎಂಟು ಕಾಲುಗಳುಳ್ಳ, ಜೇಡ ಉಣ್ಣೆಗಳ ಬಳಗಕ್ಕೆ ಸೇರಿದ ಒಂದು ನುಸಿ. ಉದ್ದವು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಿಂದ ಸ್ವಲ್ಪ ಹೆಚ್ಚು. ಚುರುಕು ಕಣ್ಣುಳ್ಳವರಿಗೆ ಅದು ಒಂದು ಬಿಳಿಯ ಚುಕ್ಕೆಯಂತೆ ಕಾಣುತ್ತದೆ. ಬೆರಳುಗಳ ಸಂದು, ಮಣಿಕಟ್ಟು, ಮೊಳಕೈ, ಕಂಕುಳು, ಸೊಂಟ, ಇವೇ ಅದಕ್ಕೆ ಪ್ರಿಯವಾದ ಸ್ಥಳಗಳು. ಚರ್ಮದ ಮೇಲಿನ ಪದರದೊಳಗೆ ಓರೆಯಾಗಿ ಸುರಂಗವನ್ನು ಕೊರೆಯುತ್ತ, ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತ, ನಾಲ್ಕಾರು ವಾರ ಬದುಕಿ ಅಲ್ಲಿಯೇ ಸಾಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬರುತ್ತವೆ. ರಾತ್ರಿಯಲ್ಲಿ ನಿದ್ರೆಗೆಡಿಸುವ ತುರಿಕೆಯು ಹುಳುವಿನ ಕಡಿತದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ, ಹುಳು, ಮೊಟ್ಟೆ ಮತ್ತು ಅದರ ಮಲಗಳನ್ನು ನಮ್ಮ ದೇಹವು ಸಹಿಸದೆ ತೋರುವ ಪ್ರತಿಭಟನೆಯಿಂದ ಹುಟ್ಟತಕ್ಕದ್ದು. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಪ್ರಯೋಜನವುಂಟು.

ಪ್ರಾಚೀನರು ಈ ರೋಗವನ್ನು ಅರಿಯದವರೇನೂ ಅಲ್ಲ. ನಮ್ಮ ಚರಕಸಂಹಿತೆಯು ಕ್ಷುದ್ರಕುಷ್ಠಗಳ ಪಟ್ಟಿಯಲ್ಲಿ ಪಾಮಾ ಎಂಬುದನ್ನು ಹೇಳಿದೆ. ಸುಶ್ರುತನು ಮೈಮುಟ್ಟುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಬ್ಬರುಟ್ಟ ಬಟ್ಟೆಯನ್ನು ಇನ್ನೊಬ್ಬರು ಉಡುವುದು, ಇವುಗಳಿಂದ ಕುಷ್ಠಾದಿ ರೋಗಗಳು ಒಬ್ಬರಿಂದೊಬ್ಬರಿಗೆ ಹರಡುತ್ತವೆಂಬುದನ್ನು ಸ್ಪಷ್ಟವಾಗಿ ಸೂಚಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ಪಟ್ಟಣದಲ್ಲಿದ್ದ ಅರಬ್ಬೀ ವೈದ್ಯ ಇಬ್ನ್ ಜುಹರನು ಚರ್ಮದ ಕೆಳಗೆ ತೆವಳುವ, ಸಿಪ್ಪೆಯನ್ನು ಸುಲಿದರೆ ಹೊರಬೀಳುವ ಅತಿ ಸಣ್ಣ ಪ್ರಾಣಿಯೊಂದನ್ನು ವರ್ಣಿಸಿದ್ದನು. ಆದರೆ ಯೂರೋಪಿನ ವಿದ್ಯಾಪೀಠಗಳಲ್ಲಿ ಅಧಿಕಾರ ನಡೆಸುತ್ತಿದ್ದುದು ರಕ್ತ, ಕಫ, ಹಳದಿಯ ಪಿತ್ತ, ಕರಿಯ ಪಿತ್ತಗಳೆಂಬ ನಾಲ್ಕು ದೋಷಗಳ ಸಿದ್ಧಾಂತ. ಒಳಗಿನ ರಸವು ಕೆಟ್ಟು ಹೊರಕ್ಕೆ ಉಕ್ಕುವುದೇ ಕಜ್ಜಿಯೆಂದೂ, ಹುಳು ಕಂಡರೆ ಅದು ಆ ಕೊಳೆತ ರಸದಲ್ಲಿ ತಾನಾಗಿ ಹುಟ್ಟಿದ್ದೆಂದೂ ಪಂಡಿತರ ನಿರ್ಣಯ. ಇದು ಕೇವಲ ಪುಸ್ತಕದ ವಾದವಾಗಿದ್ದರೆ ಚಿಂತೆಯಿರಲಿಲ್ಲ. ಸಿದ್ಧಾಂತವು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದಷ್ಟೆ. ಕೈ ತುರಿಸುತ್ತದೆಂದು ಬಂದ ಬಡವನಿಗೆ ರಕ್ತವನ್ನು ತೆಗೆಯುತ್ತಿದ್ದರು, ಭೇದಿಗೆ ಕೊಡುತ್ತಿದ್ದರು, ಪಥ್ಯದಿಂದ ಸೊರಗಿಸುತ್ತಿದ್ದರು. ಇನ್ನೂ ವಿಷಾದಕರವಾದುದೆಂದರೆ, ಮೇಲೆ ಲೇಪವನ್ನು ಹಚ್ಚಿ ಬೇಗನೆ ಮಾಯಿಸಿಬಿಟ್ಟರೆ ದೋಷವು ಒಳಕ್ಕೆ ತಿರುಗಿ ಪ್ರಾಣಾಪಾಯವಾದೀತೆಂಬ ಭಯ. ಗುಣಪಡಿಸಬಲ್ಲ ಔಷಧವನ್ನೇ ಹೆದರಿ ದೂರವಿಟ್ಟಿದ್ದರು.

ಇಂಥ ಸಂದರ್ಭದಲ್ಲಿ ಇಟಲಿಯ ಲಿವೊರ್ನೊ ಎಂಬ ರೇವುಪಟ್ಟಣದಿಂದ ಒಂದು ಕಾಗದವು ಹೊರಟಿತು. ತಾರೀಖು ೧೬೮೭ನೆಯ ಇಸವಿ ಜುಲೈ ೧೮. ಬರೆದವನು ಜೊವಾನ್ನಿ ಕೊಸಿಮೊ ಬೊನೊಮೊ ಎಂಬ ತರುಣ ವೈದ್ಯ. ಅದು ಫ್ರಾನ್ಚೆಸ್ಕೊ ರೆಡಿ ಎಂಬ ವಿಖ್ಯಾತ ಪಂಡಿತನಿಗೆ ಬರೆದದ್ದು. ಮಾಂಸದಲ್ಲಿ ಕಾಣುವ ಹುಳುಗಳು ಕೊಳೆತದ್ದರಿಂದ ಹುಟ್ಟುವುದಿಲ್ಲ, ನೊಣಗಳಿಟ್ಟ ಮೊಟ್ಟೆಯಿಂದ ಹುಟ್ಟುತ್ತವೆಯೆಂದು ೧೬೬೮ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದವನು ಈ ರೆಡಿ. ಬೊನೊಮೊವಿನ ಜೊತೆಗೆ ದುಡಿದವನು ಅದೇ ಊರಿನ ಔಷಧದಂಗಡಿಯವನಾದ ದಿಯಾಚಿಂತೊ ಚೆಸ್ತೋನಿ. ಇವನಿಗೆ ವಿದ್ಯಾಪೀಠದ ಪದವಿಯಿರಲಿಲ್ಲ. ಆದರೆ ನೋಡುವ ಕಣ್ಣಿತ್ತು. ಲಿವೊರ್ನೊವಿನ ಬಡ ತಾಯಂದಿರು ಕಜ್ಜಿಯಾದ ತಮ್ಮ ಮಕ್ಕಳ ಕೈಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆದು ಉಗುರಿನ ಮೇಲಿಟ್ಟು ಚಿಟಕ್ಕೆಂದು ಒರೆಯುತ್ತಿದ್ದರು. ಬಂದರಿನ ಬಂದೀಖಾನೆಯಲ್ಲಿದ್ದ ಗುಲಾಮರೂ ಒಬ್ಬರ ಕೈಯನ್ನೊಬ್ಬರು ಹಿಡಿದು ಹೀಗೆಯೇ ಮಾಡುತ್ತಿದ್ದರು. ಪಂಡಿತರು ನೂರಾರು ಸಲ ಕಂಡು ನಕ್ಕು ಮುಂದೆ ಹೋಗಿರಬಹುದಾದ ದೃಶ್ಯವಿದು. ಇವರಿಬ್ಬರು ನಿಂತು ನೋಡಿದರು.

ಅವರು ಒಬ್ಬ ಕಜ್ಜಿಯವನನ್ನು ಹುಡುಕಿ, ಎಲ್ಲಿ ಹೆಚ್ಚಾಗಿ ತುರಿಸುತ್ತದೆಯೆಂದು ಅವನನ್ನೇ ಕೇಳಿದರು. ಅವನು ತೋರಿಸಿದಲ್ಲಿ ಸೂಜಿಯನ್ನಾಡಿಸಲು ಒಂದು ಬಿಳಿಯ ಕಣವು ಬಂದಿತು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ನಡೆದಾಡುವ ಜೀವಿ. ಆಕಾರದಲ್ಲಿ ಆಮೆಯನ್ನು ಹೋಲುವಂಥದು. ಒಂದು ಕಂಡರೆ ಸಾಲದೆಂದು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಪ್ರಕೃತಿಯ ರೋಗಿಗಳಲ್ಲಿ ಹುಡುಕಿದರು. ಎಲ್ಲರಲ್ಲಿಯೂ ಅದೇ ಪ್ರಾಣಿ. ಒಂದು ದಿನ ಅದು ಮೊಟ್ಟೆಯನ್ನಿಡುವುದನ್ನೂ ಕಂಡರು. ಇದಾದ ಮೇಲೆ ಅವರು ಮಾಡಿದ ಊಹೆಯು ಸರಳ. ಈ ಪ್ರಾಣಿಯು ತಾಯಿತಂದೆಗಳಿಂದ ಹುಟ್ಟತಕ್ಕದ್ದೇ ಹೊರತು ಕೆಟ್ಟ ರಸದಿಂದ ಹುಟ್ಟಿದ್ದಲ್ಲ; ಕಜ್ಜಿಯು ಇದರ ಕೊರೆತದ ಫಲವೇ ಹೊರತು ದೋಷದ ಉಕ್ಕಲ್ಲ; ಮೈಯಿಂದ ಮೈಗೆ ಇದು ದಾಟುವುದರಿಂದಲೇ ರೋಗವು ಅಂಟುತ್ತದೆ; ಹೊಟ್ಟೆಗೆ ಕುಡಿಸಿದ ಕಷಾಯಗಳಿಂದ ಪ್ರಯೋಜನವಿಲ್ಲದಿರುವುದಕ್ಕೂ, ಹೊರಗೆ ಹಚ್ಚುವ ಗಂಧಕಾದಿಗಳಿಂದ ಗುಣವಾಗುವುದಕ್ಕೂ ಇದೇ ಕಾರಣ. ಲೇಪದಿಂದ ವಾಸಿಯಾದದ್ದು ಮರಳಿ ಬಂದರೆ ಆಶ್ಚರ್ಯವಿಲ್ಲ, ಉಳಿದ ಮೊಟ್ಟೆಗಳಿಂದ ಹೊಸ ಸಂತಾನವು ಎದ್ದಿರುತ್ತದೆ. ಆದುದರಿಂದ ಕೆಲವು ದಿನ ಹೆಚ್ಚಾಗಿಯೇ ಹಚ್ಚಬೇಕು. ನಾಲ್ಕೈದು ಪುಟಗಳಲ್ಲಿ ಕಾರಣ, ಹರಡುವಿಕೆ, ಚಿಕಿತ್ಸೆ ಮೂರೂ ಮುಗಿದುವು. ಇಂದಿನ ವೈದ್ಯಗ್ರಂಥವು ಸೇರಿಸಬೇಕಾದದ್ದು ಉಂಟು; ಅಳಿಸಬೇಕಾದದ್ದು ಬಹಳ ಸ್ವಲ್ಪ.

ಇಷ್ಟಾದ ಮೇಲೂ ಏನೂ ಆಗಲಿಲ್ಲ. ರೋಮಿನಲ್ಲಿ ಪೋಪರ ವೈದ್ಯನಾಗಿದ್ದ ಲಾನ್ಚಿಸಿಯು, ಹುಳುವಿರುವುದು ನಿಜವಾದರೂ ದೋಷಗಳ ಪಾತ್ರವನ್ನು ಬಿಡಲಾಗದೆಂದು ಎದುರುಹೇಳಿದನು. ಅವನ ಅಧಿಕಾರದ ಎದುರಿನಲ್ಲಿ ತರುಣನಾದ ಬೊನೊಮೊ ವಾದವನ್ನು ಬೆಳೆಸದೆ ಸುಮ್ಮನಾದನು. ಕೆಲವು ವರ್ಷಗಳ ತರುವಾಯ ಜರ್ಮನಿಯ ರಾಜಸಭೆಯೊಂದಕ್ಕೆ ವೈದ್ಯನಾಗಿ ಹೋಗಿ ೧೬೯೬ರಲ್ಲಿ ಕಾಲವಾದನು. ಔಷಧದಂಗಡಿಯ ಚೆಸ್ತೋನಿಯು ೧೭೧೦ರಲ್ಲಿ ವಲ್ಲಿಸ್ನೇರಿಯೆಂಬ ಪಂಡಿತನಿಗೆ ಕಾಗದವನ್ನು ಬರೆದು, ನೋಡಿದವನೂ ಕಂಡುಹಿಡಿದವನೂ ತಾನೇ, ಹೆಸರು ಮಾತ್ರ ಇನ್ನೊಬ್ಬನದಾಯಿತೆಂದು ಹೇಳಿಕೊಂಡನು. ಇಬ್ಬರ ಪಾಲುಗಳನ್ನು ತೂಗಿ ನೋಡುವ ಚರ್ಚೆಯು ಅಂದಿನಿಂದ ನಡೆದುಬಂದಿದೆ. ನಮಗಾದರೋ ಈ ಜಗಳಕ್ಕಿಂತ ಮುಖ್ಯವಾಗಿ ತೋರುವುದು, ಇಬ್ಬರಿಗೂ ಮೊದಲು ಸೂಜಿಯನ್ನು ಹಿಡಿದಿದ್ದ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲವೆಂಬುದು. ಜ್ಞಾನವು ಬಂದ ದಾರಿಯೇ ಅದಕ್ಕೆ ಮುಳುವಾಯಿತೆಂದು ನಮ್ಮ ಅಭಿಪ್ರಾಯ. ಲ್ಯಾಟಿನ್ ಬಲ್ಲ ಪಂಡಿತನು ಹೆಂಗಸರಿಂದಲೂ ಗುಲಾಮರಿಂದಲೂ ಅಂಗಡಿಯವನಿಂದಲೂ ಪಾಠವನ್ನು ಕಲಿಯುವುದಕ್ಕೆ ಸಿದ್ಧನಾಗಿರಲಿಲ್ಲ.

ಮುಂದಿನ ಶತಮಾನವನ್ನು ಬೇಗನೆ ದಾಟಿಬಿಡಬಹುದು. ಇಂಗ್ಲೆಂಡಿನ ರಿಚರ್ಡ್ ಮೀಡನು ೧೭೦೩ರಲ್ಲಿ ಬೊನೊಮೊವಿನ ಕಾಗದದ ಸಾರಾಂಶವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಜೀವರಾಶಿಗಳಿಗೆಲ್ಲ ಹೆಸರಿಟ್ಟ ಸ್ವೀಡನ್ನಿನ ಲಿನೇಯಸನು ಕಜ್ಜಿಯ ನುಸಿಯನ್ನೂ ಹಿಟ್ಟಿನ ನುಸಿಯನ್ನೂ ಒಂದೇ ಜಾತಿಯೆಂದೆಣಿಸಿ ಗೊಂದಲವನ್ನು ಹೆಚ್ಚಿಸಿದನು; ಅವನ ದೇಶದವನೇ ಆದ ಡೆ ಗೇರನು ೧೭೭೮ರಲ್ಲಿ ಅವೆರಡನ್ನೂ ಬೇರೆ ಬೇರೆಯಾಗಿ ಚಿತ್ರಿಸಿದನು. ೧೭೮೬ರಲ್ಲಿ ಹ್ಯಾನೋವರಿನ ವಿಖ್‌ಮನ್ ಎಂಬ ವೈದ್ಯನು ಕಜ್ಜಿಯ ಕಾರಣವನ್ನು ಕುರಿತು ಒಂದು ಗ್ರಂಥವನ್ನೇ ಬರೆದು ಹುಳುವಿನ ಪಕ್ಷವನ್ನು ಎತ್ತಿಹಿಡಿದನು. ಓದಿದವರು ಉಂಟು, ನಂಬಿದವರು ಕಡಮೆ.

ಈಗ ಪ್ಯಾರಿಸ್ಸಿಗೆ ಬರೋಣ. ಪ್ಲೇಗಿನವರಿಗಾಗಿ ನಾಲ್ಕನೆಯ ಹೆನ್ರಿ ದೊರೆಯು ೧೬೦೭ರಲ್ಲಿ ಕಟ್ಟಿಸಲಾರಂಭಿಸಿದ ಸೇಂಟ್ ಲೂಯಿ ಆಸ್ಪತ್ರೆಯನ್ನು ೧೮೦೧ರಲ್ಲಿ ಚರ್ಮರೋಗಗಳಿಗಾಗಿ ಮೀಸಲಿಟ್ಟರು. ಅಲಿಬೇರ್ ಎಂಬ ವಾಗ್ಮಿಯು ಅಲ್ಲಿನ ಆಚಾರ್ಯ. ಚರ್ಮರೋಗಗಳನ್ನೆಲ್ಲ ಕೊಂಬೆರೆಂಬೆಗಳುಳ್ಳ ಒಂದು ವೃಕ್ಷದ ರೂಪದಲ್ಲಿ ಚಿತ್ರಿಸಿ ವಿಂಗಡಿಸಿದವನು ಇವನೇ. ನೆಪೋಲಿಯನ್ನನ ಯುದ್ಧಗಳ ಕಾಲವದು. ದಂಡಿನೊಡನೆ ಕಜ್ಜಿಯೂ ಯೂರೋಪಿನಲ್ಲೆಲ್ಲ ಸಂಚರಿಸುತ್ತಿತ್ತು. ೧೮೧೨ರಲ್ಲಿ ಆ ಆಸ್ಪತ್ರೆಯ ಔಷಧಾಧಿಕಾರಿಯಾದ ಗಾಲೆ ಎಂಬುವನು ಪದವಿಗಾಗಿ ಒಂದು ಪ್ರಬಂಧವನ್ನೊಪ್ಪಿಸಿದನು. ರೋಗಿಗಳ ಗುಳ್ಳೆಗಳಿಂದ ನೂರಾರು ಹುಳುಗಳನ್ನು ತೆಗೆದೆನೆಂದೂ, ಅವನ್ನು ತನ್ನ ಕೈಯ ಮೇಲೆಯೇ ಬಿಟ್ಟುಕೊಂಡು ಕಜ್ಜಿಯನ್ನು ಬರಿಸಿಕೊಂಡೆನೆಂದೂ ಅದರಲ್ಲಿ ಬರೆದು, ಅಂದವಾದ ಚಿತ್ರವನ್ನೂ ಜೋಡಿಸಿದ್ದನು. ಗಣ್ಯರಾದ ವೈದ್ಯರು ಸಾಕ್ಷಿಗಳಾಗಿ ನಿಂತರು. ಗಂಧಕದ ಹೊಗೆಯನ್ನು ಕೊಡುವ ಪೆಟ್ಟಿಗೆಯನ್ನು ನಿರ್ಮಿಸಿ ಗಾಲೆಯು ಖ್ಯಾತಿಯನ್ನೂ ಹಣವನ್ನೂ ಪಡೆದನು.

ಆದರೆ ಬೇರೊಬ್ಬರಿಗೂ ಆ ಹುಳು ಸಿಕ್ಕಲಿಲ್ಲ. ಪ್ಯಾರಿಸ್ಸಿನ ವೈದ್ಯರು ಗುಳ್ಳೆಯ ಮೇಲೆ ಗುಳ್ಳೆಯನ್ನೊಡೆದು ನೋಡಿದರು. ನೀರಲ್ಲದೆ ಬೇರೇನೂ ಇಲ್ಲ. ಒಂದು ವರ್ಷವಲ್ಲ, ಹತ್ತು ವರ್ಷ ಕಳೆದರೂ ಇಲ್ಲ. ಅಯೊಡಿನ್ ದ್ರಾವಣಕ್ಕೆ ತನ್ನ ಹೆಸರನ್ನು ಬಿಟ್ಟುಹೋಗಿರುವ ಲುಗೋಲ್ ಎಂಬ ವೈದ್ಯನು, ಕಜ್ಜಿಯ ಹುಳುವನ್ನು ತೋರಿಸಿಕೊಟ್ಟವರಿಗೆ ೩೦೦ ಫ್ರಾಂಕುಗಳ ಬಹುಮಾನವೆಂದು ಸಾರಿದನು. ಅಂಥದೊಂದು ಹುಳುವೇ ಇಲ್ಲವೆಂಬುದು ಅವನ ದೃಢವಾದ ನಂಬಿಕೆ. ೧೮೨೯ರಲ್ಲಿ ರಸ್ಪಾಯ್ ಎಂಬ ರಸಾಯನ ಶಾಸ್ತ್ರಜ್ಞನು ಗಾಲೆಯ ಚಿತ್ರವನ್ನು ಹಳೆಯ ಚೀಸಿನಲ್ಲಿ ಹುಟ್ಟುವ ನುಸಿಯೊಡನೆ ಹೋಲಿಸಿ ನೋಡಿ, ಎರಡೂ ಒಂದೇ ಎಂದು ತೋರಿಸಿದನು. ಗಾಲೆಯು ಮಾಡಿದ್ದು ಮೋಸವೋ, ಅಥವಾ ಅವನೇ ಮೋಸಹೋದನೋ ಎಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಪರಿಣಾಮವು ಮಾತ್ರ ಒಂದೇ. ಸುಳ್ಳು ಹುಳು ಬಯಲಿಗೆ ಬಿದ್ದಾಗ ನಿಜವಾದ ಹುಳುವಿನ ಮಾನವೂ ಅದರೊಡನೆ ಹೋಯಿತು. ದೋಷವಾದಿಗಳು ಮತ್ತೆ ತಲೆಯೆತ್ತಿದರು. ಒಂದು ಕಪಟ ಸಾಕ್ಷ್ಯವು ನೂರು ನಿಜವಾದ ಸಾಕ್ಷ್ಯಗಳ ಬಾಯನ್ನು ಕಟ್ಟಬಲ್ಲದು. ನ್ಯಾಯಾಲಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

೧೮೩೪ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಅಲಿಬೇರನ ಪಾಠಶಾಲೆಯಲ್ಲಿ ರೆನುಚ್ಚಿಯೆಂಬ ವಿದ್ಯಾರ್ಥಿಯೊಬ್ಬನಿದ್ದನು. ಕಾರ್ಸಿಕಾ ದ್ವೀಪದವನು. ಪ್ಯಾರಿಸ್ಸಿನ ಮಹಾವೈದ್ಯರು ಕಾಣಲಾರದೆ ಬಳಲುತ್ತಿದ್ದ ಪ್ರಾಣಿಯನ್ನು ಅವನು ಬಾಲ್ಯದಿಂದಲೂ ಬಲ್ಲವನು. ಅವನ ಊರಿನ ಹಳ್ಳಿಯ ಹೆಂಗಸರು ದಿನವೂ ಸೂಜಿಯಿಂದ ಅದನ್ನು ಎತ್ತಿ ಬಿಸಾಡುತ್ತಿದ್ದರು. ಅವನು ಕಜ್ಜಿಯಾದ ಒಬ್ಬ ಹೆಣ್ಣುಮಗಳ ಕೈಯನ್ನು ಹಿಡಿದು ಗುಳ್ಳೆಯನ್ನು ಮುಟ್ಟಲೇ ಇಲ್ಲ. ಗುಳ್ಳೆಯ ಪಕ್ಕದಿಂದ ಹೊರಟ ನವುರಾದ ಗೆರೆಯೊಂದನ್ನು ಕಣ್ಣಿನಿಂದಲೇ ಅನುಸರಿಸಿ, ಅದರ ಕೊನೆಯಲ್ಲಿದ್ದ ಬಿಳಿಯ ಚುಕ್ಕೆಗೆ ಸೂಜಿಯ ಮೊನೆಯನ್ನು ತಾಕಿಸಿದನು. ಹುಳು ಅದಕ್ಕೆ ಅಂಟಿಕೊಂಡು ಬಂದಿತು. ನೆರೆದವರು ಬೆರಗಾದರು. ರಸ್ಪಾಯ್ ಮತ್ತೆ ಸೂಕ್ಷ್ಮದರ್ಶಕವನ್ನು ಹಿಡಿದು ಬಂದನು. ಈ ಸಲ ಅವನು ಕಂಡದ್ದು ಚೀಸಿನ ನುಸಿಯಲ್ಲ. ಲುಗೋಲನ ಸಂದೇಹವೂ ತೀರಿತು. ರೆನುಚ್ಚಿಯು ಮುಂದಿನ ವರ್ಷ ಇದನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧವನ್ನು ಬರೆದನು.

ಇಷ್ಟು ವರ್ಷಗಳ ತಡವು ಒಂದು ಮಿಲಿಮೀಟರಿನ ದೂರದಿಂದಾದದ್ದು. ಎಲ್ಲರೂ ಗುಳ್ಳೆಯಲ್ಲಿ ಹುಡುಕುತ್ತಿದ್ದರು. ಹುಳುವಿದ್ದದ್ದು ಗುಳ್ಳೆಯ ಆಚೆಗೆ, ಬಿಲದ ತುದಿಯಲ್ಲಿ. ಲಿವೊರ್ನೊವಿನ ಕಾಗದವೂ ಈ ವಿವರವನ್ನು ಖಚಿತವಾಗಿ ಹೇಳಿರಲಿಲ್ಲ. ಕೈಗೆ ಗೊತ್ತಿದ್ದ ವಿದ್ಯೆಯು ಬರೆಹಕ್ಕೆ ಇಳಿಯುವಾಗ ಅದರಲ್ಲಿನ ಅತಿ ಸೂಕ್ಷ್ಮವಾದ ಅಂಶವೇ ಜಾರಿಹೋಗಿತ್ತು. ೧೬೮೭ರಿಂದ ೧೮೩೪ಕ್ಕೆ ೧೪೭ ವರ್ಷ. ಆ ಕಾಲದಲ್ಲಿ ಕಜ್ಜಿಗಾಗಿ ರಕ್ತವನ್ನು ಕೊಟ್ಟವರ ಲೆಕ್ಕವನ್ನು ಇಟ್ಟವರಿಲ್ಲ.

ವಿಯೆನ್ನಾದಲ್ಲಿ ಫರ್ಡಿನಾಂಡ್ ಹೆಬ್ರಾ ಎಂಬುವನು ಈ ಕೆಲಸವನ್ನು ಮುಂದುವರಿಸಿದನು. ೧೮೪೧ರಲ್ಲಿ ಅವನಿಗೆ ದೊರೆತದ್ದು ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಯಾರೂ ಬಯಸದ, ಗಂಧೆ ಕಜ್ಜಿಗಳವರನ್ನು ತುಂಬುತ್ತಿದ್ದ ಕೋಣೆ. ಅವನು ಅದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ತನ್ನ ಮೈಮೇಲೆಯೇ ಹುಳುವನ್ನು ಬಿಟ್ಟುಕೊಂಡು ದಿನದಿನದ ಬದಲಾವಣೆಯನ್ನು ಬರೆದಿಟ್ಟನು. ಆರೋಗ್ಯವಂತನ ಮೈಯಲ್ಲಿಯೂ ಹುಳು ಸೇರಿದರೆ ಕಜ್ಜಿ ಬರುತ್ತದೆ. ಹುಳುವನ್ನು ಕೊಂದರೆ ಹೋಗುತ್ತದೆ. ಒಳಕ್ಕೆ ತಿರುಗುವ ದೋಷವೆಂಬುದಿಲ್ಲ. ೧೮೪೪ರಲ್ಲಿ ಹೆಬ್ರಾ ಇದನ್ನು ಪ್ರಕಟಿಸಿದನು. ಕೆಲವು ವರ್ಷಗಳಲ್ಲಿಯೇ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಬಜೇನ್ ಎಂಬುವನು ತುರಿಸುವ ಕಡೆಗೆ ಮಾತ್ರವಲ್ಲದೆ ಇಡೀ ಮೈಗೆ ಔಷಧವನ್ನು ಹಚ್ಚಬೇಕೆಂದು ನಿಯಮಿಸಿದನು; ಹಾರ್ಡಿಯೆಂಬುವನು ಅರ್ಧ ಗಂಟೆ ಸಾಬೂನಿನ ತಿಕ್ಕಾಟ, ಒಂದು ಗಂಟೆ ಸ್ನಾನ, ಅರ್ಧ ಗಂಟೆ ಗಂಧಕದ ಮುಲಾಮು, ಹೀಗೆ ಎರಡು ಗಂಟೆಗಳಲ್ಲಿ ಚಿಕಿತ್ಸೆಯನ್ನು ಮುಗಿಸುವ ಕ್ರಮವನ್ನು ತಂದನು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರುತ್ತಿದ್ದ ಕೂಲಿಕಾರನು ಒಂದೇ ದಿನದಲ್ಲಿ ಮನೆಗೆ ಹೋಗುವಂತಾದದ್ದು ಸಾಮಾನ್ಯವಾದ ಉಪಕಾರವಲ್ಲ.

ಕಾರಣವು ಗೊತ್ತಾಯಿತು, ಔಷಧವೂ ಇತ್ತು. ಆದರೂ ಕಜ್ಜಿಯು ಹರಡುವ ಬಗೆಯನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಇದಕ್ಕೆ ಎರಡನೆಯ ಮಹಾಯುದ್ಧವು ಬರಬೇಕಾಯಿತು. ಇಂಗ್ಲೆಂಡಿನಲ್ಲಿ ಸೈನಿಕರಲ್ಲಿಯೂ ಪಟ್ಟಣಿಗರಲ್ಲಿಯೂ ಕಜ್ಜಿಯು ಹೆಚ್ಚಿ, ೧೯೪೧ರಲ್ಲಿ ಸರ್ಕಾರವು ಅದಕ್ಕಾಗಿಯೇ ಒಂದು ಶಾಸನವನ್ನು ಹೊರಡಿಸಿತು. ಕಂಬಳಿಗಳಿಂದ ಹರಡುತ್ತದೆಂಬ ನಂಬಿಕೆಯಿಂದ ಸೈನ್ಯವು ಅಪಾರವಾದ ಕಂಬಳಿಗಳನ್ನು ಕುದಿಸಿ ಕಾಯಿಸಿ ಶುದ್ಧಿಮಾಡುತ್ತಿತ್ತು. ಕೆನೆತ್ ಮೆಲನ್‌ಬಿ ಎಂಬ ಕೀಟಶಾಸ್ತ್ರಜ್ಞನು ಈ ನಂಬಿಕೆಯನ್ನು ಪರೀಕ್ಷಿಸಲು ಹೊರಟನು. ಸೈನಿಕರನ್ನು ಕೇಳುವಂತಿಲ್ಲ; ಕೇಳಿದ್ದು ಕೊಲ್ಲುವ ಕೆಲಸಕ್ಕೆ ತಮ್ಮ ಮನಸ್ಸಾಕ್ಷಿ ಒಪ್ಪದೆಂದು ಆಯುಧವನ್ನು ಮುಟ್ಟದೆ ನಿಂತ ಶಾಂತಿವಾದಿಗಳನ್ನು. ಷೆಫೀಲ್ಡ್ ನಗರದ ಒಂದು ಮನೆಯಲ್ಲಿ ಇಂಥ ಹತ್ತು ಹನ್ನೆರಡು ಮಂದಿ ತರುಣರು ಬಂದು ಸೇರಿದರು.

ಕಜ್ಜಿಯವರು ಹೊದ್ದು ಬಿಟ್ಟ ಕಂಬಳಿಗಳಲ್ಲಿ ಇವರು ಬರಿಮೈಯಲ್ಲಿ ಮಲಗಿದರು. ಅವರು ತೊಟ್ಟು ಬಿಟ್ಟ ಒಳಬಟ್ಟೆಗಳನ್ನು ಒಗೆಯದೆ ತೊಟ್ಟರು. ಕಂಬಳಿಗಳ ಪ್ರಯೋಗಗಳು ೬೩. ಅವುಗಳಿಂದ ಕಜ್ಜಿ ತಗುಲಿದ್ದು ಎರಡು ಸಲ ಮಾತ್ರ. ಆದರೆ ರೋಗಿಯ ಪಕ್ಕದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದಾಗ ಅದು ತಗುಲಿತು. ಇಷ್ಟು ಕಾಲ ಕಂಬಳಿಗಾಗಿ ಸುಟ್ಟ ಇದ್ದಲೆಲ್ಲ ಹೆಚ್ಚುಪಾಲು ವ್ಯರ್ಥವೆಂದಾಯಿತು. ಇದಕ್ಕಿಂತ ದೊಡ್ಡ ಸಂಗತಿಯು ಆ ಮೇಲೆ ಹೊರಬಿದ್ದಿತು. ಹುಳು ಸೇರಿದ ತರುಣರಿಗೆ ಮೊದಲ ಸುಮಾರು ಒಂದು ತಿಂಗಳು ತುರಿಕೆಯೇ ಇರಲಿಲ್ಲ. ಅನಂತರ ಆರಂಭವಾದ ತುರಿಕೆಯು ಅವರ ನಿದ್ರೆಯನ್ನು ಕಸಿದುಕೊಂಡಿತು. ಒಮ್ಮೆ ಗುಣವಾದವರಿಗೆ ಮತ್ತೆ ಹುಳುವನ್ನು ಬಿಟ್ಟರೆ ಈ ಸಲ ಒಂದೇ ದಿನದಲ್ಲಿ ತುರಿಕೆ. ದೇಹದ ಪ್ರತಿಭಟನೆಯೇ ತುರಿಕೆಯೆಂದು ನಾವು ಮೊದಲೇ ಹೇಳಿದ ಮಾತಿನ ಆಧಾರವಿದು. ಮನೆಯಲ್ಲಿ ಒಬ್ಬನಿಗೆ ತುರಿಕೆ ಕಂಡಾಗ, ಇನ್ನೂ ತುರಿಸದ ನಾಲ್ವರಲ್ಲಿ ಹುಳುವು ಸದ್ದಿಲ್ಲದೆ ನೆಲಸಿರಬಹುದು. ಎಲ್ಲರಿಗೂ ಒಂದೇ ದಿನ ಔಷಧವನ್ನು ಹಚ್ಚಬೇಕೆಂದು ವೈದ್ಯರು ಒತ್ತಿ ಹೇಳುವುದು ಇದರಿಂದಲೇ.

ಮೆಲನ್‌ಬಿಯ ತಂಡದವರು ೮೮೬ ಮಂದಿ ರೋಗಿಗಳ ಮೈಯನ್ನು ಪರಿಶೋಧಿಸಿ ಹುಳುಗಳನ್ನು ಒಂದೊಂದಾಗಿ ತೆಗೆದು ಎಣಿಸಿದರು. ತೆಗೆದದ್ದು ಸೂಜಿಯಿಂದಲೇ. ಒಬ್ಬನ ಮೈಯಲ್ಲಿ ಸರಾಸರಿ ಇದ್ದದ್ದು ಹನ್ನೊಂದು ಬಲಿತ ಹೆಣ್ಣು ಹುಳುಗಳು ಮಾತ್ರ! ನೂರಕ್ಕೆ ೬೩ರಷ್ಟು ಕೈ ಮತ್ತು ಮಣಿಕಟ್ಟುಗಳಲ್ಲಿ. ಡೆನ್ಮಾರ್ಕಿನ ಕಿಸ್ಮೇಯರನು ೧೯೩೭ರಲ್ಲಿ ಪ್ರಚಾರಕ್ಕೆ ತಂದಿದ್ದ ಬೆಂಜೈಲ್ ಬೆಂಜೊಯೇಟ್ ಎಂಬ ದ್ರವವನ್ನು ಕತ್ತಿನಿಂದ ಅಂಗಾಲಿನವರೆಗೆ ಒಂದು ಸಲ ಸರಿಯಾಗಿ ಹಚ್ಚಿದರೆ ಬಹುಮಟ್ಟಿಗೆ ಎಲ್ಲರೂ ಗುಣವಾಗುವರೆಂದೂ, ಬ್ರಷ್ಷಿನಿಂದ ಮೈಯನ್ನು ಕೆಂಪಾಗುವಂತೆ ತಿಕ್ಕುವ ಹಳೆಯ ಹಿಂಸೆಯು ಅನಾವಶ್ಯಕವೆಂದೂ ಕಂಡುಬಂದಿತು.

ಈ ತರುಣರು ತಿಂಗಳುಗಟ್ಟಲೆ ತಮ್ಮ ಮೈಯನ್ನು ಹುಳುಗಳಿಗೊಪ್ಪಿಸಿದ್ದನ್ನು ನಾವು ಹಗುರವಾಗಿ ಎಣಿಸಲಾರೆವು. ಹೊರಗೆ ಅವರನ್ನು ಹೇಡಿಗಳೆಂದು ಜರೆಯುವವರಿದ್ದರು. ಅಂಥ ನಿಂದೆಯ ನಡುವೆ ಇದ್ದವನು ಒಪ್ಪಿಗೆಯನ್ನು ಕೊಟ್ಟರೆ ಅದು ಎಷ್ಟರಮಟ್ಟಿಗೆ ಸ್ವತಂತ್ರವಾದ ಒಪ್ಪಿಗೆಯೆಂಬ ಪ್ರಶ್ನೆಯು ಏಳತಕ್ಕದ್ದೇ. ಆದರೂ ಅವರನ್ನು ಕೇಳಿದ್ದರು, ಅವರು ಒಪ್ಪಿದ್ದರು. ಬೇಡವೆಂದು ಹೊರಟುಹೋಗುವ ದಾರಿಯೂ ಇತ್ತು. ಅದೇ ವರ್ಷಗಳಲ್ಲಿ ಜರ್ಮನಿಯ ಸೆರೆಶಿಬಿರಗಳಲ್ಲಿ ವೈದ್ಯರು ಯಾರನ್ನೂ ಕೇಳದೆ ನಡೆಸಿದ ಪ್ರಯೋಗಗಳ ವಿಚಾರಣೆಯು ೧೯೪೬ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ ಆರಂಭವಾದಾಗ, ಅದನ್ನು ಕೇಳಲು ಹೋದವರಲ್ಲಿ ಮೆಲನ್‌ಬಿಯೂ ಒಬ್ಬನಾಗಿದ್ದನು.

ಕಜ್ಜಿಯು ಇಷ್ಟರಿಂದ ಲೋಕವನ್ನು ಬಿಟ್ಟುಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಯಾವ ಹೊತ್ತಿನಲ್ಲಿ ನೋಡಿದರೂ ೨೦ ಕೋಟಿಗೆ ಮೀರಿದ ಜನ ಇದರಿಂದ ನರಳುತ್ತಿರುತ್ತಾರೆ. ನಮ್ಮ ದೇಶದ ವಿದ್ಯಾರ್ಥಿನಿಲಯಗಳಿಗೂ ಇಕ್ಕಟ್ಟಾದ ಕೇರಿಗಳಿಗೂ ಇದು ಅಪರಿಚಿತವಲ್ಲ. ತುರಿಸಿದ ಗಾಯಕ್ಕೆ ಬೇರೆ ಸೂಕ್ಷ್ಮಜೀವಿಗಳು ಸೇರಿ ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ಆದುದರಿಂದ ಇದನ್ನು ಕೇವಲ ಕೊಳಕಿನ ರೋಗವೆಂದು ತಳ್ಳಿಹಾಕುವುದು ಸಲ್ಲದು. ಇದು ಇಕ್ಕಟ್ಟಿನ ರೋಗ, ಒಂದು ಚಾಪೆಯಲ್ಲಿ ಐವರು ಮಲಗಬೇಕಾದ ಮನೆಯ ರೋಗ. ೨೦೧೭ರಲ್ಲಿ ಆ ಸಂಸ್ಥೆಯು ಕಜ್ಜಿಯನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು.

ಅದಕ್ಕೆ ಬಲವನ್ನು ಕೊಟ್ಟವುಗಳಲ್ಲಿ ಶಾಂತಸಾಗರದ ಫಿಜಿ ದ್ವೀಪಗಳ ಪರೀಕ್ಷೆಯೊಂದು. ೨೦೧೫ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ೨,೦೫೧ ಮಂದಿಯನ್ನು ಮೂರು ಪಂಗಡಗಳಾಗಿ ಮಾಡಿದ್ದರು. ಒಂದು ಕಡೆ ರೋಗಿಗಳಿಗೂ ಅವರ ಹತ್ತಿರದವರಿಗೂ ಮಾತ್ರ ಮುಲಾಮು. ಇನ್ನೊಂದು ಕಡೆ ಊರಿಗೆ ಊರಿಗೇ ಪರ್ಮೆತ್ರಿನ್ ಮುಲಾಮು. ಮೂರನೆಯ ಕಡೆ ಊರಿನವರೆಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ. ಈ ಮಾತ್ರೆಯ ಮೂಲವು ಜಪಾನಿನ ಒಂದು ಹಿಡಿ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿ; ಅದಕ್ಕಾಗಿ ಒಮುರ ಮತ್ತು ಕ್ಯಾಂಬೆಲ್ ಎಂಬವರು ೨೦೧೫ರಲ್ಲಿಯೇ ನೊಬೆಲ್ ಬಹುಮಾನದಲ್ಲಿ ಭಾಗಿಗಳಾದರು. ಒಂದು ವರ್ಷದ ತರುವಾಯ ನೋಡಿದರೆ ಮೊದಲ ಕಡೆ ಕಜ್ಜಿಯು ನೂರಕ್ಕೆ ೩೬.೬ರಿಂದ ೧೮.೮ಕ್ಕೂ, ಎರಡನೆಯ ಕಡೆ ೪೧.೭ರಿಂದ ೧೫.೮ಕ್ಕೂ, ಮೂರನೆಯ ಕಡೆ ೩೨.೧ರಿಂದ ೧.೯ಕ್ಕೂ ಇಳಿದಿತ್ತು. ರೋಗಿಯನ್ನಲ್ಲ, ಊರನ್ನು ಚಿಕಿತ್ಸಿಸಬೇಕೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾವು ಕಾಣೆವು.

ಉಳಿದದ್ದು ರೋಗನಿರ್ಣಯದ ವಿಷಯ. ಚರ್ಮವನ್ನು ಹಿಗ್ಗಿಸಿ ತೋರುವ ಡರ್ಮಾಸ್ಕೋಪ್ ಎಂಬ ಸಣ್ಣ ಉಪಕರಣದಿಂದ ಇಂದಿನ ವೈದ್ಯರು ಬಿಲದ ತುದಿಯಲ್ಲಿರುವ ಹುಳುವಿನ ಮುಂಭಾಗವನ್ನು ಒಂದು ಕಪ್ಪು ತ್ರಿಕೋಣದಂತೆ ಕಾಣಬಲ್ಲರು. ಆದರೆ ಅದಿಲ್ಲದ ಹಳ್ಳಿಯ ದವಾಖಾನೆಯಲ್ಲಿ ಏನು ಮಾಡಬೇಕು? ೨೦೨೦ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ ಲಕ್ಷಣಗಳನ್ನು ಪ್ರಕಟಿಸಿದರು. ಹುಳುವನ್ನೋ ಮೊಟ್ಟೆಯನ್ನೋ ಕಂಡರೆ ನಿರ್ಣಯವು ಖಚಿತ. ಕಾಣದಿದ್ದರೂ ಬಿಲದ ಗೆರೆಯು ಕಂಡರೆ ವೈದ್ಯನು ಕಜ್ಜಿಯೆಂದು ಹೇಳಬಹುದು. ಗೆರೆಯೂ ಕಾಣದಿದ್ದರೆ, ಗುಳ್ಳೆಗಳು ಬೆರಳಿನ ಸಂದಿಯಂಥ ವಾಡಿಕೆಯ ಸ್ಥಳಗಳಲ್ಲಿವೆಯೇ ಎಂದು ನೋಡಿ, ರೋಗಿಯನ್ನೋ ಮಗುವಿನ ತಾಯಿಯನ್ನೋ ಎರಡು ಪ್ರಶ್ನೆಗಳನ್ನು ಕೇಳಬೇಕು: ತುರಿಸುತ್ತದೆಯೇ? ಮನೆಯಲ್ಲಿ, ಹತ್ತಿರದವರಲ್ಲಿ, ಇನ್ನಾರಿಗಾದರೂ ತುರಿಸುತ್ತಿದೆಯೇ?